ಬಾಡಿಗೆಗೆ ಕೊಡದ ಮನೆ

"ವೆನೆಜುವೆಲಾದವರಿಗೆ ನಾನು ಮನೆ ಕೊಡಲ್ಲ. ನಿಮ್ಮ ಮುಂಗಡ ವಾಪಸ್ ತಗೊಳ್ಳಿ," ಎಂದು ಮನೆ ಬಾಡಿಗೆಗೆ ಕೊಡುತ್ತಿದ್ದ ಎಲಿಯೇಸರ್, ಚರ್ಚಿನ ಅಂಗಳದಲ್ಲಿ ಎಲ್ಲರೆದುರೇ ಹೇಳಿದಾಗ ಯುಲೀಮಾರ್ ಕೋಳಿಸಾರಿನ ಹಂಡೆಯ ಮುಂದೆ ನಿಂತಿದ್ದಳು. ಗಡಿ ದಾಟಿ ಬಂದ ಅವಳ ಸಂಸಾರಕ್ಕೊಂದು ಸೂರು ಮಾಡಿಕೊಡಲೆಂದೇ ಗಡಿಯೀಚೆಯ ಪಾಂಪ್ಲೋನಾ ಊರಿನ ಹೆಂಗಸರು ಬೆಳಗಿನಿಂದ ಆ ಸಾರು ಮಾರುತ್ತಿದ್ದರು.

"ನಾನಂತೂ ಈ ಊರು ಬಿಟ್ಟು ಹೋಗಲ್ಲ," ಎಂದಳು ಯುಲೀಮಾರ್. ಅವಳು ತಲೆ ತಗ್ಗಿಸಲಿಲ್ಲ. "ಸೋಮವಾರ ನನ್ನ ಮಗಳು ಇಲ್ಲೇ ಶಾಲೆಗೆ ಸೇರ್ತಾಳೆ. ಬೇರೆ ಯಾರ ಹತ್ರ ಮನೆ ಇದೆ, ಹೇಳಿ."

"ನನ್ನ ಹತ್ರ ಇದೆ." ತಿನ್ನುತ್ತಿದ್ದ ಜೋಳದ ತೆನೆಯನ್ನು ತಟ್ಟೆಗಿಟ್ಟು ಎದ್ದವಳು ಎಲಿಯೇಸರನ ಹೆಂಡತಿ ಗ್ರಸಿಯೆಲಾ.

"ನಿನಗೆಲ್ಲಿಂದ ಬಂತೇ ಮನೆ?" ಎಂದು ಅವನು ನಕ್ಕ.

"ನೀವೀಗ ಕೊಡಲ್ಲ ಅಂದ್ರಲ್ಲ, ಅದೇ. ನಮ್ಮಪ್ಪ ನನ್ನ ಹೆಸರಿಗೆ ಬರೆದಿಟ್ಟು ಹೋದದ್ದು ರೀ. ಬಾಡಿಗೆ ವಸೂಲಿ ಮಾಡೀ ಮಾಡೀ ನಿಮಗೆ ಮರೆತೇ ಹೋಗಿದೆ. ಎಲ್ಲಿ, ಬೀಗದ ಕೈ ಕೊಡಿ."

ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಲಿಯೇಸರ್ ಸುತ್ತ ಒಮ್ಮೆ ನೋಡಿ, ಜೇಬು ತಡಕಿ, ಬೀಗದ ಕೈಯನ್ನು ಹೆಂಡತಿಯ ಅಂಗೈಗೆ ಹಾಕಿದ. ಅವಳು ಅದನ್ನು ನೇರವಾಗಿ ಯುಲೀಮಾರಳ ಕೈಗಿತ್ತು, ಗಂಡನತ್ತ ತಿರುಗಿದಳು.

"ಸುಮ್ನೆ ನಿಂತ್ಕೊಂಡು ಏನು ನೋಡ್ತೀರಿ? ಇವರ ಮಂಚ ಹೊರೋಕೆ ಬನ್ನಿ. ಇವತ್ತೇ ಮನೆ ತುಂಬಿಸೋಣ."