ಪಾರ್ಸಲ್ ಭಾವನ ಬೈಕು

ಟೈಲರ್ ಕೊರಳಲ್ಲಿದ್ದ ಟೇಪನ್ನು ಎಳೆದು, ಒಂದು ತುದಿಯನ್ನು ಶೋರೂಮಿನ ನೆಲಕ್ಕೆ ಒತ್ತಿಹಿಡಿದು, ಟೇಪನ್ನು ಕಪ್ಪು ಬೈಕಿನ ಸೀಟಿನವರೆಗೂ ಬಿಗಿದ. ಅಕ್ಕಪಕ್ಕದ ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡಿದರು. ಬೈಕಿಗೆ ಪ್ಯಾಂಟು ಹೊಲಿಯಲು ಬಂದವನನ್ನು ಅವರು ಹಿಂದೆಂದೂ ಕಂಡಿರಲಿಲ್ಲ.

"ಮೂವತ್ತೊಂದೂವರೆ!" ಎಂದು ಸಾರಿ ಅವನು ಎದ್ದು ನಿಂತ. "ನೋಡಿದೆಯಾ? ನನಗೇ ಅಂತ ಮಾಡಿದ ಹಾಗಿದೆ."

ಹೆಂಡತಿ ಸೀಟನ್ನೊಮ್ಮೆ, ಅವನ ಕಾಲನ್ನೊಮ್ಮೆ ನೋಡಿದಳು. ಸೇಲ್ಸ್‌ಮನ್ ಮೆತ್ತಗೆ ಕೆಮ್ಮಿದ. "ಸಾರ್, ಇದು ನಿಮ್ಮ ಮೊದಲನೇ ಬೈಕಲ್ವಾ? ಹೊಸಬರಿಗೆ ಹಗುರವಾದ್ದು ಒಳ್ಳೇದು. ಕೂತಾಗ ಎರಡು ಪಾದಾನೂ ನೆಲಕ್ಕೆ ಊರಬೇಕು. ಆ ಮೂಲೇಲಿ ನೀಲಿದೊಂದಿದೆ..."

"ನೀಲಿದು ಕಾಲೇಜು ಹುಡುಗರಿಗಪ್ಪಾ," ಎಂದ ಟೈಲರ್, ಅತ್ತ ತಿರುಗಿಯೂ ನೋಡದೆ. "ನನ್ನ ಕಾಲು ಎಷ್ಟುದ್ದ ಅಂತ ನನಗೆ ಗೊತ್ತಿಲ್ವಾ?" ಜೇಬಿನಿಂದ ಅಳತೆ ಪುಸ್ತಕ ತೆಗೆದು ಮೊದಲ ಪುಟವನ್ನೇ ಬಿಡಿಸಿ ಹಿಡಿದ. ಮೇಲೆ 'ಸ್ವಂತ' ಎಂದಿತ್ತು. ಕೆಳಗೆ, ಕಾಲಿನ ಒಳ ಉದ್ದ, ಮೂವತ್ತೊಂದೂವರೆ ಇಂಚು.

ಈ ಹಟದ ಹಿಂದೆ ಹದಿನೆಂಟು ವರ್ಷದ ಉರಿಯಿತ್ತು. ಅಷ್ಟೂ ವರ್ಷ ಸ್ಕೂಟರ್ ಓಡಿಸಿದವಳು ಹೆಂಡತಿ. ಇವನು ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂರುತ್ತಿದ್ದ, ಬ್ರೇಕು ಬಿದ್ದಾಗಲೆಲ್ಲ ಎರಡು ಕೈಯಲ್ಲೂ ಅವಳ ಸೊಂಟ ತಬ್ಬಿಕೊಳ್ಳುತ್ತಿದ್ದ. "ಅಕ್ಕಾ, ಪಾರ್ಸಲ್ ತಂದ್ಯಾ?" ಎಂದು ಅವಳ ತಮ್ಮ ಒಂದು ದಿನ ಕೇಳಿದ್ದೇ ಕೇಳಿದ್ದು, ಇಡೀ ಬಳಗಕ್ಕೆ ಇವನು ಪಾರ್ಸಲ್ ಭಾವನಾಗಿಬಿಟ್ಟ. ಒಂದೇ ಒಂದು ಸಲ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಆ ಭಾವಮೈದುನನ ಬಾಗಿಲಲ್ಲಿ ಗಡಗಡ ಎಂದು ಹೋಗಿ ಇಳಿಯಬೇಕು. ಅದಕ್ಕೆಂದೇ ಡ್ರೈವಿಂಗ್ ಸ್ಕೂಲಿನ ಹಳೇ ಬೈಕಿನಲ್ಲಿ ಎರಡು ತಿಂಗಳು ಬಿದ್ದು ಎದ್ದು, ಮಂಡಿ ತರಚಿಕೊಂಡು ಲೈಸೆನ್ಸು ಮಾಡಿಸಿದ್ದ.

ಟೈಲರ್ ಕಪ್ಪು ಬೈಕನ್ನು ಏರಿದ. ಸೇಲ್ಸ್‌ಮನ್ ಸ್ಟ್ಯಾಂಡ್ ತೆಗೆದ. ಎಡಗಾಲು ನೆಲವನ್ನು ಹುಡುಕಿತು, ಸಿಗಲಿಲ್ಲ. ಬಲಗಾಲು ಹುಡುಕಿತು, ಅದಕ್ಕೂ ಸಿಗಲಿಲ್ಲ. ಬೈಕು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಎಡಕ್ಕೆ ವಾಲತೊಡಗಿತು. ಹೆಂಡತಿ ಒಂದು ಕಡೆ, ಸೇಲ್ಸ್‌ಮನ್ ಒಂದು ಕಡೆ ಹಿಡಿದು ನಿಲ್ಲಿಸಿದರು. ಮೇಲೆ ಟೈಲರ್ ಉಸಿರು ಬಿಗಿಹಿಡಿದು, ಏನೂ ಆಗಿಲ್ಲವೆಂಬಂತೆ ಕನ್ನಡಿ ಸರಿಮಾಡುತ್ತಿದ್ದ.

"ಟೇಪು ಸುಳ್ಳು ಹೇಳಲ್ಲ," ಎಂದ ಕೊನೆಗೆ. "ಈ ನೆಲಾನೇ ತಗ್ಗಾಗಿದೆ."

"ರೀ, ಆ ಪುಸ್ತಕದಲ್ಲಿ ಒಳಮಡಿಕೆ ಸೇರಿಸಿ ತಾನೇ ಬರಿಯೋದು ನೀವು?" ಎಂದಳು ಹೆಂಡತಿ.

ಟೈಲರ್ ಮುಖ ಸಪ್ಪಗಾಯಿತು. ಹೌದು, ಯಾರ ಕಾಲೇ ಆಗಲಿ, ತುದಿಯಲ್ಲಿ ಮಡಚಲು ಎರಡಿಂಚು ಸೇರಿಸಿಯೇ ಅವನು ಬರೆಯುವುದು. ಕೆಲಸ ಕಲಿಸಿದ ಗುರುಗಳು ಹಾಕಿಕೊಟ್ಟ ಪಾಠ ಅದು.

"ಆ ಎರಡಿಂಚು ಬಟ್ಟೆ ಕಣ್ರೀ, ಕಾಲಲ್ಲ," ಎಂದಳು ಅವಳು, ಬೈಕಿನ ಭಾರಕ್ಕೆ ಹಲ್ಲು ಕಚ್ಚಿಕೊಂಡು. "ಹೊಟ್ಟೆ ಒಳಗೆಳ್ಕೊಂಡು ಅಳತೆ ಕೊಡಬೇಡಿ, ಆಮೇಲೆ ಉಸಿರಾಡಬೇಕಾದವರು ನೀವೇ ಅಂತ ಗಿರಾಕಿಗಳಿಗೆ ದಿನಾ ಹೇಳ್ತೀರಿ. ಇಳೀರಿ ಈಗ, ನನ್ನ ಕೈ ಬಿದ್ದು ಹೋಗ್ತಿದೆ."

ಅಂತೂ ಇಂತೂ ನೀಲಿ ಬೈಕು ಶೋರೂಮಿನ ಹಿಂದಿನ ಅಂಗಳಕ್ಕೆ ಬಂತು. ಎರಡೂ ಪಾದ ನೆಲಕ್ಕೆ ಹಾಯಾಗಿ ಊರಿದವು. ಟೈಲರಿಗೆ ಅದೂ ಒಂದು ಅವಮಾನವೇ ಅನ್ನಿಸಿತು. ಆದರೂ ಹೆಂಡತಿ ಹಿಂದೆ ಹತ್ತಿ ಕೂತಾಗ ಅವನ ಎದೆ ಉಬ್ಬಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನ ಕಣ್ಣೆದುರಿಗೆ ಅವಳ ಜಡೆ ಇರಲಿಲ್ಲ, ರಸ್ತೆ ಇತ್ತು.

ಬೈಕು ಹೊರಟಿತು. ಒಂದು ಸುತ್ತು ಸೊಗಸಾಗಿ ಮುಗಿಯಿತು. ಎರಡನೆಯ ಸುತ್ತಿನಲ್ಲಿ ಎಲ್ಲಿಂದಲೋ ಒಂದು ನಾಯಿ ಅಡ್ಡ ಬಂತು. ಟೈಲರ್ ಹದಿನೆಂಟು ವರ್ಷದಿಂದ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ. ಹ್ಯಾಂಡಲ್ ಬಿಟ್ಟು, ಎರಡು ಕೈಯನ್ನೂ ಮುಂದಕ್ಕೆ ಚಾಚಿ, ಹೆಂಡತಿಯ ಸೊಂಟ ಹಿಡಿಯಲು ಹೋದ. ಎದುರಿಗೆ ಹೆಂಡತಿ ಇರಲಿಲ್ಲ. ಬರೀ ಗಾಳಿ ಇತ್ತು, ಗಾಳಿಯಾಚೆ ನಾಯಿ.

ಅವಳೂ ಹದಿನೆಂಟು ವರ್ಷದಿಂದ ಮಾಡುತ್ತಿದ್ದುದನ್ನೇ ಮಾಡಿದಳು. ಅವನ ಎರಡೂ ಪಕ್ಕದಿಂದ ಕೈ ಚಾಚಿ ಹ್ಯಾಂಡಲ್ ಹಿಡಿದು, ಸ್ಕೂಟರಿನಲ್ಲಿ ಬ್ರೇಕು ಒತ್ತುವ ಹಾಗೆ ಎರಡೂ ಕಡೆ ಬಲವಾಗಿ ಒತ್ತಿದಳು. ಒಂದು ಕೈಗೆ ಕ್ಲಚ್ಚು ಸಿಕ್ಕಿತು, ಇನ್ನೊಂದಕ್ಕೆ ಬ್ರೇಕು. ಬೈಕು ಕುಯ್ ಎಂದು ನಿಂತಿತು. ನಾಯಿ ಇಬ್ಬರನ್ನೂ ಮೂಸಿ, ಬೇಸರದಿಂದ ಹೊರಟುಹೋಯಿತು.

ಸೇಲ್ಸ್‌ಮನ್ ಏದುಸಿರು ಬಿಡುತ್ತ ಓಡಿಬಂದ. "ಸಾರ್, ಬೇರೆ ಯಾವುದಾದರೂ ನೋಡೋಣವಾ?"

ಟೈಲರ್ ಕೊರಳಿನ ಟೇಪು ತೆಗೆದು, ಇನ್ನೂ ಹ್ಯಾಂಡಲ್ ಬಿಡದ ಹೆಂಡತಿಯ ಭುಜದಿಂದ ಬೆರಳ ತನಕ ಅಳೆದ.

"ಇದನ್ನೇ ಕೊಡಿ. ಇದರ ಅಳತೆ ಸರಿಯಾಗಿದೆ," ಎಂದ.

"ಕಾಲಿಂದಾ ಸಾರ್?"

"ಅಲ್ಲಪ್ಪಾ, ಇವಳ ಕೈಯದು." ಅಳತೆ ಪುಸ್ತಕದಲ್ಲಿ 'ಸ್ವಂತ' ಎಂಬ ಪುಟ ತೆಗೆದು ಕೆಳಗೆ ಇಪ್ಪತ್ತೇಳು ಇಂಚು ಎಂದು ಬರೆದುಕೊಂಡ. ಈ ಸಲ ಮಡಿಕೆ ಸೇರಿಸಲಿಲ್ಲ.