ಇಡ್ಲಿ ತಟ್ಟೆಯ ಕವಚ

ಶಾಲೆಯ ಛದ್ಮವೇಷ ಸ್ಪರ್ಧೆಗೆ ಮಹಡಿ ಮೇಲಿನ ವಾರಗಿತ್ತಿ ಮನೆಯ ಸಾಮಾನಿನಲ್ಲೇ ಮಗನಿಗೆ ಸೂಪರ್‌ಹೀರೋ ವೇಷ ಕಟ್ಟಿದ್ದಾಳೆಂದು ಕೇಳಿದ್ದೇ ತಡ, ಕೆಳಮನೆಯ ಹಿರಿಯ ಸೊಸೆಯ ಹೊಟ್ಟೆಗೆ ಬೆಂಕಿ ಬಿತ್ತು. ತನ್ನ ಮಗನಿಗೆ ಬಾಡಿಗೆಗೆ ತಂದಿದ್ದ ವೇಷ ಆಗಲೇ ಕಂಕುಳಲ್ಲಿ ಬಿರಿದಿತ್ತು. ದಡದಡನೆ ಮೆಟ್ಟಿಲು ಹತ್ತಿದಳು.

ಹುಡುಗನ ಎದೆಗೆ ಇಡ್ಲಿ ತಟ್ಟೆ, ಹೆಗಲಿಂದ ಇಳಿಬಿಟ್ಟ ಕೆಂಪು ಲಂಗ, ಮೊಣಕೈವರೆಗೆ ಅಪ್ಪನ ಕಾಲುಚೀಲ. ಹಾಳಾದ್ದು, ಎಷ್ಟು ಒಪ್ಪಿತ್ತು!

“ಏನು ಮಹಾ! ಇಡ್ಲಿ ತಟ್ಟೆ ತಾನೇ?” ಎಂದು ಮೂತಿ ತಿರುವಿದಳು.

“ತಟ್ಟೆ ಅಲ್ಲ ದೊಡ್ಡಮ್ಮ, ಕವಚ! ಗುಂಡು, ಬೆಂಕಿ, ಸಿಡಿಲು, ಯಾವ್ದೂ ನನ್ನನ್ನ ಏನೂ ಮಾಡಲ್ಲ.”

“ಮತ್ತೆ ಕೆನ್ನೆ ಮೇಲೆ ಆ ಕಾಡಿಗೆ ಬೊಟ್ಟು ಯಾಕೋ?”

“ಇದಾ? ನೀವು ಮೆಟ್ಟಿಲು ಹತ್ತೋ ಸದ್ದು ಕೇಳಿ ಅಮ್ಮ ಓಡ್ಬಂದು ಇಟ್ಟಿದ್ದು.”