ದಪ್ಪ ಅಟ್ಟೆಯ ಚಪ್ಪಲಿ

"ಇಲ್ಲಿ ಯಾರಿಗೂ ಏನೂ ಆಗಿಲ್ರಿ" ಎಂದು ಪಿಎ ಸೂಗಪ್ಪ ತಪಾಸಣೆಯ ಅಧಿಕಾರಿಗೆ ಹೇಳುತ್ತಿದ್ದಾಗಲೇ, ಟೈಪಿಸ್ಟ್ ಸೌಭಾಗ್ಯಳ ಕಣ್ಣು ಕಬ್ಬಿಣದ ಕೂಲರಿನ ಮುಂದಿನ ನೆಲದ ಮೇಲೆ ಬಿತ್ತು. ಅಲ್ಲಿ ಅದೇ ಕಚೇರಿಯಲ್ಲಿ ಕೆಲಸಕ್ಕಿದ್ದ ಗುಲಫಶಾಳ ಚಪ್ಪಲಿಗಳಿದ್ದವು. ಅವಳ ಎಡಗಾಲು ಗಿಡ್ಡ, ಅದಕ್ಕೇ ಎಡದ ಚಪ್ಪಲಿಗೆ ಮೂರು ಬೆರಳು ದಪ್ಪದ ಅಟ್ಟೆ. ಅವಳನ್ನು ಮಣ್ಣು ಮಾಡಿ ಹದಿನೆಂಟು ದಿನವಾಗಿತ್ತು.

ವಿಧಾನ ಪರಿಷತ್ ಸದಸ್ಯರ ಸುರಪುರದ ಆ ಕಚೇರಿಗೆ ಹೊಸ ಟೈಲ್ಸ್ ಹಾಕಿದ ಮೇಲೆ ನೌಕರರೆಲ್ಲ ಚಪ್ಪಲಿ ಹೊರಗೇ ಬಿಡಬೇಕಿತ್ತು. "ಅಣ್ಣಾರ, ಬರಿಗಾಲಾಗ ನನಗ ನಿಲ್ಲಾಕ ಆಗಂಗಿಲ್ರಿ. ಏನಾರ ಹಿಡ್ಕೋಬೇಕಾಗ್ತದ" ಎಂದು ಗುಲಫಶಾ ಎಷ್ಟೋ ಸಲ ಬೇಡಿಕೊಂಡಿದ್ದಳು. "ನಿನಗೊಬ್ಬಾಕಿಗೆ ಬ್ಯಾರೆ ಕಾಯ್ದಾ ಏನವ್ವಾ?" ಎಂದು ಸೂಗಪ್ಪ ನಕ್ಕಿದ್ದ.

ನೌಕರರ ಸುರಕ್ಷತೆ ತಪಾಸಣೆಗೆ ಬೆಂಗಳೂರಿನಿಂದ ಬಂದ ಅಧಿಕಾರಿಯೂ ಬಾಗಿಲಲ್ಲಿ ಬೂಟು ಬಿಚ್ಚಿ ಬಂದಿದ್ದರು. "ಆ ಹುಡುಗಿ ಮನೆಯಲ್ಲಿ ಬಿದ್ದು ತೀರಿಕೊಂಡಳಂತೆ, ಹೌದೇನಮ್ಮ?" ಎಂದು ಸೌಭಾಗ್ಯಳನ್ನು ಕೇಳಿದರು. ಹೂಂ ಅನ್ನದಿದ್ದರೆ ನಾಳೆಯಿಂದ ಕೆಲಸವಿಲ್ಲವೆಂದು ಸೂಗಪ್ಪ ಬೆಳಿಗ್ಗೆಯೇ ಹೇಳಿದ್ದ. ಸೌಭಾಗ್ಯಳ ಕಣ್ಣು ಮತ್ತೆ ಆ ಚಪ್ಪಲಿಗಳತ್ತ ಹೋಯಿತು. ಅಧಿಕಾರಿ ಬೆವರು ಒರೆಸಿಕೊಳ್ಳುತ್ತ ಕೂಲರನ್ನು ತಮ್ಮ ಕಡೆ ತಿರುಗಿಸಿಕೊಳ್ಳಲು ಹೋದರು. ದಪ್ಪ ಅಟ್ಟೆಯ ಚಪ್ಪಲಿ ಮೆಲ್ಲಗೆ ಸರಿದು ಅವರ ಬರಿಗಾಲಿಗೆ ಅಡ್ಡ ನಿಂತಿತು. ಅವರಿಗದು ಕಾಣಲಿಲ್ಲ. ಕೈ ಚಾಚಿದರು.

"ಮುಟ್ಟಬ್ಯಾಡ್ರಿ!" ಸೌಭಾಗ್ಯ ಚೀರಿದಳು. "ಅದಕ್ಕ ಕರೆಂಟ್ ಬರ್ತದ! ಗುಲಫಶಾ ಅದನ್ನ ಹಿಡ್ಕೊಂಡಾ ಸತ್ತಾಳ್ರಿ!"

ಅಧಿಕಾರಿಯ ಕೈ ಅಲ್ಲೇ ನಿಂತಿತು. ಬೈಗುಳಕ್ಕೆ ಕಾಯುತ್ತ ಸೌಭಾಗ್ಯ ಸೂಗಪ್ಪನ ಕಡೆ ನೋಡಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ. ಕೂಲರಿನ ಮುಂದಿನ ನೆಲದಲ್ಲೇ ಕಣ್ಣು ನೆಟ್ಟು, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದ.